ಹೆಬ್ಬೆರಳಿಗೆ ಮೂವತ್ತು, ಎದೆಗೆಷ್ಟು?

ನಮ್ಮ ಚಾಚಾ ಬಡಗಿ. ಊರ ಅಂಚಿನಲ್ಲಿದ್ದ ಒಂದು ಪೀಠೋಪಕರಣ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ದುಡಿದವರು. ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ಮಧ್ಯಾಹ್ನ ಮರ ನಯಗೊಳಿಸುವ ಯಂತ್ರಕ್ಕೆ, ಅವರ ಮಾತಿನಲ್ಲಿ ಹೇಳುವುದಾದರೆ ರಂದಾ ಮಿಷನ್ನಿಗೆ, ಅವರ ಎಡಗೈಯ ಹೆಬ್ಬೆರಳು ಹೋಯಿತು. ಕಾರ್ಖಾನೆಗೆ ಇ.ಎಸ್.ಐ. ಇತ್ತು. ಗಾಯ ಮಾಗಿದ ಮೇಲೆ ವೈದ್ಯಕೀಯ ಮಂಡಳಿಯ ಮುಂದೆ ಹಾಜರಾಗುವಂತೆ ಕಾಗದ ಬಂತು. ಏಳನೆಯ ತರಗತಿಯವರೆಗೆ ಉರ್ದು ಶಾಲೆಯಲ್ಲೂ ಆಮೇಲೆ ಕನ್ನಡ ಶಾಲೆಯಲ್ಲೂ ಓದಿದ್ದರಿಂದ ನಮ್ಮ ಗಲ್ಲಿಯ ಅರ್ಜಿಗಳೆಲ್ಲ ನನ್ನ ಪಾಲಿಗೇ ಬರುತ್ತಿದ್ದವು. ಕತೆ ಬರೆಯುವುದನ್ನು ಕಲಿಯುವ ಮೊದಲು ನಾನು ಬರೆದದ್ದು ಬೇರೆಯವರ ಅರ್ಜಿಗಳನ್ನು. ಹೀಗಾಗಿ ಚಾಚಾರ ಜತೆ ನಾನೂ ಹೋದೆ.

ಮಂಡಳಿಯ ವೈದ್ಯರು ಕೆಟ್ಟವರೇನಲ್ಲ. ಕೂರಿಸಿ ಮಾತನಾಡಿಸಿದರು. ಉಳಿದ ಬೆರಳುಗಳನ್ನು ಮಡಿಸಿ ಬಿಡಿಸಿ ನೋಡಿದರು. ಆಮೇಲೆ ಒಂದು ಪಟ್ಟಿ ನೋಡಿ ಶೇಕಡಾ 30 ಎಂದು ಬರೆದರು. "ಸಾಹೇಬ್ರೇ, ಬಲಗೈಲಿ ಕೊಡತಿ, ಎಡಗೈಲಿ ಉಳಿ. ಉಳಿ ಹಿಡಿಯೋಕಾಗದವನು ಬಡಗಿ ಹೇಗಾಗ್ತಾನೆ?" ಎಂದು ಚಾಚಾ ಕೇಳಿದರು. "ಪಟ್ಟೀಲಿ ಹೆಬ್ಬೆರಳಿಗೆ ಇರೋದೇ ಅಷ್ಟು" ಎಂದರು ವೈದ್ಯರು. ಹೊರಗೆ ಗುಮಾಸ್ತರು ಕಾಗದ ಮುಂದಿಟ್ಟು, ರೂಢಿಬಲದಿಂದ, "ಎಡಗೈ ಹೆಬ್ಬೆಟ್ಟು ಒತ್ತಿ" ಎಂದುಬಿಟ್ಟರು. ಚಾಚಾ ನಕ್ಕು, "ಅದನ್ನ ಈಗ ತಾನೇ ಒಳಗೆ ಲೆಕ್ಕ ಹಾಕಿ ಮುಗಿಸಿದ್ರಲ್ಲ" ಎಂದರು. ಗುಮಾಸ್ತರು ನಾಚಿಕೊಂಡು ಬಲಗೈಯದನ್ನು ಒತ್ತಿಸಿಕೊಂಡರು.

ಈ ಹಳೆಯ ಸಂಗತಿ ನೆನಪಾದದ್ದು ಕೆನ್ ಲೋಚ್ ನಿರ್ದೇಶಿಸಿದ 'ಐ, ಡೇನಿಯಲ್ ಬ್ಲೇಕ್' ಚಿತ್ರವನ್ನು ಎರಡನೆಯ ಸಲ ನೋಡುವಾಗ. ಪಾಲ್ ಲಾವರ್ಟಿ ಚಿತ್ರಕತೆ ಬರೆದ ಈ ಚಿತ್ರಕ್ಕೆ 2016ರಲ್ಲಿ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಬಂದಿತ್ತು. ಇಂಗ್ಲೆಂಡಿನ ನ್ಯೂಕ್ಯಾಸಲ್ ನಗರದಲ್ಲಿ ನಡೆಯುವ ಕತೆ. ನಾಯಕ ಡೇನಿಯಲ್‌ಗೆ ಐವತ್ತೊಂಬತ್ತು ವರ್ಷ, ಹೆಂಡತಿ ತೀರಿಹೋಗಿದ್ದಾಳೆ, ಕಸುಬಿನಲ್ಲಿ ಅವನೂ ಬಡಗಿ. ಕೆಲಸದಲ್ಲಿದ್ದಾಗಲೇ ಹೃದಯಾಘಾತವಾಗಿ ಬದುಕಿ ಉಳಿದಿದ್ದಾನೆ. ಸದ್ಯಕ್ಕೆ ಕೆಲಸಕ್ಕೆ ಹೋಗಕೂಡದೆಂದು ವೈದ್ಯರು ಹೇಳಿದ್ದಾರೆ. ಹಾಗಾದರೆ ಹೊಟ್ಟೆಪಾಡು? ಅಂಥವರಿಗೆಂದೇ ಬ್ರಿಟನ್ನಿನಲ್ಲಿ 2008ರಲ್ಲಿ ಒಂದು ಭತ್ಯೆ ಜಾರಿಗೆ ಬಂದಿತ್ತು. ಅದನ್ನು ಪಡೆಯಲು 'ದುಡಿಯುವ ಸಾಮರ್ಥ್ಯದ ಪರೀಕ್ಷೆ'ಗೆ ಒಳಗಾಗಬೇಕು. ಪರೀಕ್ಷೆ ನಡೆಸುವ ಗುತ್ತಿಗೆಯನ್ನು ಸರಕಾರ ಖಾಸಗಿ ಕಂಪೆನಿಗಳಿಗೆ ವಹಿಸಿತ್ತು.

ಚಿತ್ರ ಆರಂಭವಾಗುವುದು ಕತ್ತಲೆಯ ತೆರೆಯಲ್ಲಿ. ಮುಖಗಳಿಲ್ಲ, ಎರಡು ದನಿಗಳು ಮಾತ್ರ. ಹೆಂಗಸೊಬ್ಬಳು ನಮೂನೆ ನೋಡಿಕೊಂಡು ಪ್ರಶ್ನೆ ಕೇಳುತ್ತಾಳೆ. ಯಾರ ಸಹಾಯವೂ ಇಲ್ಲದೆ ಐವತ್ತು ಮೀಟರು ನಡೆಯಬಲ್ಲಿರಾ? ಟೋಪಿ ಹಾಕಿಕೊಳ್ಳುವ ಹಾಗೆ ಕೈ ಎತ್ತಬಲ್ಲಿರಾ? ಟೆಲಿಫೋನಿನ ಗುಂಡಿ ಒತ್ತಬಲ್ಲಿರಾ? ತನ್ನ ಬೆರಳಿಗೆ ಏನೂ ಆಗಿಲ್ಲ, ಆಗಿರುವುದು ಹೃದಯಕ್ಕೆ, ಅದರ ಬಗ್ಗೆ ಕೇಳಿ ಎಂದು ಡೇನಿಯಲ್ ಗೋಗರೆಯುತ್ತಾನೆ, ರೇಗುತ್ತಾನೆ. ನಮೂನೆಯಲ್ಲಿ ಹೃದಯದ ಕಲಮು ಬರುವುದೇ ಇಲ್ಲ. ಹದಿನೈದು ಅಂಕ ಬೇಕಿತ್ತು, ಅವನಿಗೆ ಸಿಕ್ಕಿದ್ದು ಹನ್ನೆರಡು. ಹಾಗಾಗಿ ಸರಕಾರದ ಪ್ರಕಾರ ಅವನು ದುಡಿಯಲು ಶಕ್ತ.

ಚಾಚಾರನ್ನು ಪರೀಕ್ಷಿಸಿದವರು ಬೆರಳನ್ನು ನೋಡಿದರು, ಕಸುಬನ್ನು ನೋಡಲಿಲ್ಲ. ಡೇನಿಯಲ್‌ನನ್ನು ಪರೀಕ್ಷಿಸಿದವರು ಬೆರಳು ನೆಟ್ಟಗಿದೆಯೇ ಎಂದು ನೋಡಿದರು, ಎದೆಯನ್ನು ನೋಡಲಿಲ್ಲ. ಎರಡು ಕಡೆಯೂ ಮನುಷ್ಯನನ್ನು ಬಿಡಿ ಭಾಗಗಳನ್ನಾಗಿ ಮಾಡಿ ಎಣಿಸಲಾಯಿತು. ಈ ಎಣಿಕೆಯ ಹಿಂದಿರುವ ಮನಸ್ಸನ್ನು ಕೆನ್ ಲೋಚ್ ಮೊದಲ ಎರಡು ನಿಮಿಷದ ಕತ್ತಲಲ್ಲೇ ತೋರಿಸಿಬಿಡುತ್ತಾರೆ. ನಾನು ಕಂಡ ಚಿತ್ರಾರಂಭಗಳಲ್ಲಿ ಇಷ್ಟು ಸರಳವಾಗಿಯೂ ಇಷ್ಟು ಖಾರವಾಗಿಯೂ ಇರುವ ಇನ್ನೊಂದನ್ನು ಹೇಳಲಾರೆ.

ಹಾಗೆಂದು ಪಟ್ಟಿಯೇ ಪಾಪ ಎಂದು ಹೇಳುವುದೂ ಸರಿಯಲ್ಲ. ಅಂಗಕ್ಕೆ ಇಷ್ಟು ಎಂದು ನಿಗದಿ ಮಾಡುವುದು ಬಹಳ ಹಳೆಯ ಪದ್ಧತಿ. ಇಸ್ಲಾಮೀ ಫಿಖ್ಹ್‌ನಲ್ಲಿ ಒಬ್ಬರು ಇನ್ನೊಬ್ಬರಿಗೆ ಮಾಡಿದ ಗಾಯಕ್ಕೆ ತೆರಬೇಕಾದ ಪರಿಹಾರಕ್ಕೆ ದಿಯತ್ ಎನ್ನುತ್ತಾರೆ. ಒಂದು ಜೀವಕ್ಕೆ ನೂರು ಒಂಟೆಯಾದರೆ ಒಂದು ಬೆರಳಿಗೆ ಹತ್ತು. ಅಲ್ಲಿ ಕಿರುಬೆರಳೂ ಹೆಬ್ಬೆರಳೂ ಸಮ. ನಮ್ಮ ದೇಶದ 1923ರ ಕಾರ್ಮಿಕ ಪರಿಹಾರ ಕಾಯ್ದೆಯಲ್ಲಿ ಬೆರಳುಗಳು ಸಮವಲ್ಲ. ಹೆಬ್ಬೆರಳಿಗೆ ಶೇಕಡಾ 30, ತೋರುಬೆರಳಿಗೆ 14, ನಡುಬೆರಳಿಗೆ 12. ಇಂಥ ಪಟ್ಟಿಗಳು ಹುಟ್ಟಿದ್ದು ಬಡವನ ಪರವಾಗಿಯೇ. ಪಟ್ಟಿ ಇಲ್ಲದಿದ್ದರೆ ಗಾಯಗೊಂಡವನು ಧಣಿಯ ಮುಂದೆ ನಿಂತು ತನ್ನ ಬೆರಳಿಗೆ ಚೌಕಾಸಿ ಮಾಡಬೇಕಾಗುತ್ತಿತ್ತು. ಇಷ್ಟಕ್ಕೆ ಕಡಿಮೆ ಕೊಡಕೂಡದು ಎಂದು ಪಟ್ಟಿ ಧಣಿಗೆ ಹೇಳುತ್ತದೆ. ಆದರೆ ಕಚೇರಿಯ ಮೇಜಿನ ಮೇಲೆ ಬಂದು ಕೂತಾಗ ಅದೇ ಪಟ್ಟಿ, ಇಷ್ಟಕ್ಕಿಂತ ಹೆಚ್ಚು ಕೇಳಕೂಡದು ಎಂದು ಕೆಲಸಗಾರನಿಗೆ ಹೇಳತೊಡಗುತ್ತದೆ. ನೆಲವಾಗಬೇಕಾದದ್ದು ಸೂರಾಗುತ್ತದೆ. ಏಕಲವ್ಯನ ಕತೆಯನ್ನು ನಾಟಕ ಮಾಡಿದ ಕುವೆಂಪು ಅದಕ್ಕೆ 'ಬೆರಳ್‌ಗೆ ಕೊರಳ್' ಎಂದು ಹೆಸರಿಟ್ಟರು. ಬಿಲ್ಲುಗಾರನ ಹೆಬ್ಬೆರಳು ಅವನ ಮೈಯ ನೂರರಲ್ಲಿ ಮೂವತ್ತು ಪಾಲಲ್ಲವೆಂಬುದು ಆ ಹೆಸರಿನಲ್ಲೇ ಇದೆ.

ನಮ್ಮ ಸುಪ್ರೀಂ ಕೋರ್ಟು ಈ ಮಾತನ್ನು ಕಾನೂನಿನ ಭಾಷೆಯಲ್ಲಿ ಹೇಳಿದೆ. ಚಿತ್ರಮಂದಿರವೊಂದರ ಅಲಂಕಾರದ ಕೆಲಸ ಮಾಡುತ್ತಿದ್ದ ಬಡಗಿಯೊಬ್ಬ 1968ರಲ್ಲಿ ಬಿದ್ದು ಗಾಯಗೊಂಡ. ಅವನ ಎಡಗೈಯನ್ನು ಮೊಣಕೈಯ ಮೇಲಕ್ಕೆ ಕತ್ತರಿಸಬೇಕಾಯಿತು. ಒಂದು ಕೈ ಹೋಗಿದೆಯಷ್ಟೆ, ಇದು ಭಾಗಶಃ ನಷ್ಟ ಎಂಬುದು ಮಾಲೀಕನ ವಾದ. ಒಂಟಿ ಕೈಯಲ್ಲಿ ಬಡಗಿ ಕೆಲಸ ಮಾಡಲಾಗದು, ಆದ್ದರಿಂದ ಇದು ನೂರಕ್ಕೆ ನೂರು ನಷ್ಟ ಎಂದು 1975ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನ ಕೊಟ್ಟಿತು. ಗಾಯವಾದದ್ದಕ್ಕೂ ಈ ಮಾತು ಇತ್ಯರ್ಥವಾದದ್ದಕ್ಕೂ ನಡುವೆ ಏಳು ವರ್ಷ. ಕಾನೂನು ಪುಸ್ತಕಗಳಲ್ಲಿ ಈ ಮೊಕದ್ದಮೆ ಮಾಲೀಕನ ಹೆಸರಿನಿಂದ ಶುರುವಾಗುತ್ತದೆ. ಕೈ ಕಳೆದುಕೊಂಡವನ ಹೆಸರು ಎರಡನೆಯದು. ಮುಂದೆ 2010ರಲ್ಲಿ, ರಸ್ತೆ ಅಪಘಾತದ ಪ್ರಕರಣವೊಂದರಲ್ಲಿ, ಕರ್ನಾಟಕದವರಾದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಅವರಿದ್ದ ಪೀಠ ಇದನ್ನು ಇನ್ನಷ್ಟು ಬಿಡಿಸಿ ಹೇಳಿತು. ಎಡಗೈ ಕಳೆದುಕೊಂಡವನು ಚಾಲಕನೋ ಬಡಗಿಯೋ ಆಗಿದ್ದರೆ ಅವನ ಗಳಿಕೆ ಹೆಚ್ಚುಕಡಿಮೆ ಪೂರ್ತಿ ಹೋಯಿತು. ಸರಕಾರಿ ಗುಮಾಸ್ತನಾಗಿದ್ದರೆ ನೌಕರಿ ಉಳಿಯಬಹುದು. ಗಾಯ ಒಂದೇ, ನಷ್ಟ ಬೇರೆ ಬೇರೆ. ಮೊದಲು ಕಸುಬು ಕೇಳಿ, ಆಮೇಲೆ ಗಾಯ ಅಳೆಯಿರಿ ಎಂಬುದೇ ಇದರ ಸಾರ. ಚಾಚಾ ಮಂಡಳಿಯ ಮುಂದೆ ಕೊಡತಿ, ಉಳಿ ಎಂದು ಹೇಳಿದ್ದೂ ಇದನ್ನೇ. ಆಗ ಈ ತೀರ್ಪು ಬಂದು ಬಹಳ ವರ್ಷಗಳಾಗಿದ್ದವು. ಅದು ಇರುವುದು ಅವರಿಗೂ ಗೊತ್ತಿರಲಿಲ್ಲ, ಅರ್ಜಿ ಬರೆದ ನನಗೂ ಗೊತ್ತಿರಲಿಲ್ಲ. ಮೇಲ್ಮನವಿ ಸಲ್ಲಿಸುವ ದಾರಿಯೂ ಇತ್ತು. ನಾವು ಸಲ್ಲಿಸಲಿಲ್ಲ.

ಮತ್ತೆ ಚಿತ್ರಕ್ಕೆ ಬರೋಣ. ಅಶಕ್ತರ ಭತ್ಯೆ ನಿಂತುಹೋದ ಡೇನಿಯಲ್ ಮೇಲ್ಮನವಿ ಸಲ್ಲಿಸಬೇಕು. ಅದಕ್ಕೆ ಮೊದಲು ಇಲಾಖೆಯೇ ತನ್ನ ತೀರ್ಮಾನವನ್ನು ಮರುಪರಿಶೀಲಿಸಬೇಕು. ಅಲ್ಲಿಯವರೆಗೆ ಊಟಕ್ಕೆ ಬೇಕಾದರೆ ನಿರುದ್ಯೋಗಿಗಳ ಭತ್ಯೆಗೆ ಅರ್ಜಿ ಹಾಕಬೇಕು. ಆ ಭತ್ಯೆಗೆ ವಾರಕ್ಕೆ ಮೂವತ್ತೈದು ಗಂಟೆ ಕೆಲಸ ಹುಡುಕಿದ್ದಕ್ಕೆ ಸಾಕ್ಷಿ ಕೊಡಬೇಕು. ಅರ್ಜಿಗಳೆಲ್ಲ ಕಂಪ್ಯೂಟರಿನಲ್ಲಿ. ಜೀವಮಾನವಿಡೀ ಪೆನ್ಸಿಲನ್ನು ಕಿವಿಯ ಸಂದಿಗೆ ಸಿಕ್ಕಿಸಿಕೊಂಡು ಓಡಾಡಿದವನು ಕಂಪ್ಯೂಟರಿನ ಮೌಸ್ ಹಿಡಿದು ತಡಕಾಡುವ ದೃಶ್ಯ ನಗು ತರಿಸುತ್ತದೆ, ನಕ್ಕದ್ದಕ್ಕೆ ನಾಚಿಕೆಯನ್ನೂ ತರಿಸುತ್ತದೆ.

ಚಿತ್ರದ ಬಗ್ಗೆ ಬರೆದವರಲ್ಲಿ ಹೆಚ್ಚಿನವರು ಎತ್ತಿ ಹೇಳುವುದು ಆಹಾರ ದಾಸೋಹದ ದೃಶ್ಯವನ್ನು. ಲಂಡನ್ನಿನಿಂದ ಇಬ್ಬರು ಮಕ್ಕಳೊಂದಿಗೆ ಬಂದ ಕೇಟಿ ಎಂಬ ತಾಯಿ ಹಸಿವು ತಾಳಲಾರದೆ ಅಲ್ಲೇ ಡಬ್ಬಿ ತೆರೆದು ಬಾಯಿಗೆ ಹಾಕಿಕೊಳ್ಳುತ್ತಾಳೆ. ಆ ದೃಶ್ಯ ದೊಡ್ಡದೇ. ಆದರೆ ನನ್ನ ಮಟ್ಟಿಗೆ ಚಿತ್ರದ ತಿರುಳು ಇರುವುದು ಅಷ್ಟಾಗಿ ಚರ್ಚೆಯಾಗದ ಇನ್ನೊಂದು ಕಡೆ. ನಿಯಮ ಪಾಲಿಸಲೆಂದು ಡೇನಿಯಲ್ ಊರೆಲ್ಲ ಸುತ್ತಿ ಕೆಲಸ ಕೇಳುತ್ತಾನೆ. ಒಬ್ಬ ನಿಜಕ್ಕೂ ಕೆಲಸ ಕೊಡಲು ಮುಂದೆ ಬರುತ್ತಾನೆ. ಆಗ ಡೇನಿಯಲ್ ತನ್ನ ಕಾಯಿಲೆಯ ಸಂಗತಿ ಹೇಳಿ ಒಲ್ಲೆ ಎನ್ನಬೇಕಾಗುತ್ತದೆ. ಆ ಮನುಷ್ಯ ಇವನನ್ನು ಮೈಗಳ್ಳನೆಂದು ತಿಳಿದು ಬೈಯುತ್ತಾನೆ. ಕೆಲಸಕ್ಕಾಗಿ ಹಂಬಲಿಸುವ ಕುಶಲಕರ್ಮಿಯನ್ನು ಕೆಲಸ ಹುಡುಕುವ ನಾಟಕಕ್ಕೆ ಇಳಿಸಿ, ಕೊನೆಗೆ ಸುಳ್ಳುಗಾರನ ಪಟ್ಟ ಕಟ್ಟುವುದಿದೆಯಲ್ಲ, ಹಸಿವಿಗಿಂತ ಆಳದ ಗಾಯ ಅದು. 'ಮರಳಿ ಕೆಲಸಕ್ಕೆ' ಎಂಬ ಒಳ್ಳೆಯ ಮಾತು ಹೇಗೆ ಹಿಂಸೆಯಾಗಬಲ್ಲದು ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸಲಾಗದು.

ಇಷ್ಟು ಮೆಚ್ಚಿಕೊಂಡ ಮೇಲೆ ನನ್ನ ಎರಡು ತಕರಾರುಗಳನ್ನೂ ಹೇಳಬೇಕು.

ಮೊದಲನೆಯದು, ಡೇನಿಯಲ್ ತೀರಾ ಒಳ್ಳೆಯವನು. ಕಾಯಿಲೆಯ ಹೆಂಡತಿಯನ್ನು ನೋಡಿಕೊಂಡವನು, ನೆರೆಯವರಿಗೆ ಆಗುವವನು, ಕೇಟಿಯ ಮಕ್ಕಳಿಗೆ ಮರದ ಮೀನು ಕೆತ್ತಿ ಕೊಡುವವನು. ಅವನಿಗೆ ಅನ್ಯಾಯವಾದಾಗ ನಮ್ಮ ಕಣ್ಣು ಸಹಜವಾಗಿಯೇ ತುಂಬುತ್ತದೆ. ಆದರೆ ವಿಮೆಯ ಹಣ ಒಳ್ಳೆಯತನಕ್ಕೆ ಕೊಡುವ ಇನಾಮೇ? ಡೇನಿಯಲ್ ಮುಂಗೋಪಿಯೋ ಕುಡುಕನೋ ಆಗಿದ್ದರೆ ನಾವು ಹೀಗೇ ಅಳುತ್ತಿದ್ದೆವೇ? ಈ ಪ್ರಶ್ನೆಯನ್ನು ನಾನು ಬೇರೆಯವರಿಗೆ ಹಾಕುತ್ತಿಲ್ಲ. ಚಾಚಾ ಬೆರಳು ಕಳೆದುಕೊಂಡ ಮರುವರ್ಷ ಅದೇ ಯಂತ್ರಕ್ಕೆ ಇನ್ನೊಬ್ಬ ಕೆಲಸಗಾರನ ಎರಡು ಬೆರಳು ಹೋದವು. ಅವನು ಕುಡಿಯುತ್ತಾನೆಂದು ಗಲ್ಲಿಗೆಲ್ಲ ಗೊತ್ತಿತ್ತು. ಕುಡಿದೇ ಕೈ ಕೊಟ್ಟಿರುತ್ತಾನೆ ಎಂದು ಎಲ್ಲರೂ ಅಂದರು. ಅರ್ಜಿ ಬರೆಸಲು ಅವನು ನಮ್ಮ ಮನೆಯ ಬಾಗಿಲಿಗೆ ನಾಲ್ಕು ಸಲ ಬಂದ. ಪರೀಕ್ಷೆ ಇದೆ, ನಾಳೆ ಬಾ, ಎಂದು ನಾಲ್ಕು ಸಲವೂ ಕಳಿಸಿದೆ. ಐದನೆಯ ಸಲ ಅವನು ಬರಲಿಲ್ಲ. ನ್ಯೂಕ್ಯಾಸಲ್ಲಿನ ಆ ಕತ್ತಲೆಯ ದನಿಗಿಂತ ನಾನು ಹೇಗೆ ಮೇಲು? ಅವಳ ಕೈಯಲ್ಲಿ ನಮೂನೆಯಾದರೂ ಇತ್ತು.

ಎರಡನೆಯ ತಕರಾರು ಕಚೇರಿಯನ್ನು ಕುರಿತದ್ದು. ಚಿತ್ರ ಬಂದಾಗ ಬ್ರಿಟನ್ನಿನ ಮಾಜಿ ಸಚಿವ ಇಯಾನ್ ಡಂಕನ್ ಸ್ಮಿತ್, ಇಲ್ಲಿ ಉದ್ಯೋಗ ಕಚೇರಿಯ ನೌಕರರಿಗೆ ಅನ್ಯಾಯವಾಗಿದೆ ಎಂದರು. ಆ ಇಲಾಖೆಯನ್ನು ನಡೆಸಿದವರೇ ಅವರು. ಅವರ ಮಾತಿನ ಹಿಂದಿನ ಹಿತಾಸಕ್ತಿ ಸ್ಪಷ್ಟ. ಅಷ್ಟಕ್ಕೂ ಆ ವರ್ಷಗಳಲ್ಲಿ ಮೇಲ್ಮನವಿಯ ವಿಚಾರಣೆಯವರೆಗೆ ಹೋದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಗೆಲ್ಲುತ್ತಿದ್ದರು ಎಂಬುದೇ ಪರೀಕ್ಷೆ ಎಷ್ಟು ಸರಿಯಿತ್ತೆಂದು ಹೇಳುತ್ತದೆ. ಆದರೂ ಅವರ ಮಾತಿನಲ್ಲಿ ಒಂದು ಎಳೆ ನಿಜ. ಆ್ಯನ್ ಎಂಬ ನೌಕರಳೊಬ್ಬಳನ್ನು ಬಿಟ್ಟರೆ ಚಿತ್ರದ ಕಚೇರಿಯಲ್ಲಿ ಮನುಷ್ಯರಿಲ್ಲ. ಡೇನಿಯಲ್‌ಗೆ ಕಂಪ್ಯೂಟರಿನ ಮುಂದೆ ನೆರವಾದದ್ದಕ್ಕೆ ಆ್ಯನ್ ಮೇಲಧಿಕಾರಿಯಿಂದ ಬೈಸಿಕೊಳ್ಳುತ್ತಾಳೆ. ಆ ಬೈಗುಳ ಕೇಳಿಕೊಂಡು ಸಂಜೆ ಮನೆಗೆ ಹೋದವಳ ಮನಸ್ಸಿನಲ್ಲಿ ಏನು ನಡೆಯಿತು? ಚಿತ್ರಕ್ಕೆ ಅದು ಬೇಕಿಲ್ಲ. ಮೇಜಿನ ಈಚೆಗಿರುವವರನ್ನು ಬಲ್ಲ ಲೋಚ್‌ಗೆ ಆಚೆಗಿರುವವರ ಬಗ್ಗೆ ಕುತೂಹಲವಿಲ್ಲ.

ಮೇಜಿನ ಆಚೆಗೆ ಕೂತು ಈಚೆಗಿನದನ್ನು ಬರೆದ ಲೇಖಕನೊಬ್ಬ ಇದ್ದಾನೆ. ಫ್ರಾನ್ಸ್ ಕಾಫ್ಕಾನನ್ನು ನಾವು ಒಗಟಿನಂಥ ಕತೆಗಳ ಕರ್ತೃವೆಂದೇ ಓದುತ್ತೇವೆ. ಅವನ ಹೊಟ್ಟೆಪಾಡು ಯಾವುದಿತ್ತು? 1908ರಿಂದ 1922ರವರೆಗೆ ಪ್ರಾಗ್ ನಗರದ ಕಾರ್ಮಿಕರ ಅಪಘಾತ ವಿಮಾ ಸಂಸ್ಥೆಯಲ್ಲಿ ಅಧಿಕಾರಿ. ಕೈ ಕಾಲು ಕಳೆದುಕೊಂಡವರ ಕಡತಗಳು ಅವನ ದಿನನಿತ್ಯದ ಕೆಲಸ. ಮೊದಲ ಮಹಾಯುದ್ಧದಲ್ಲಿ ಗಾಯಗೊಂಡು ಹಿಂತಿರುಗಿದ ಸೈನಿಕರ ಚಿಕಿತ್ಸೆ, ಪುನರ್ವಸತಿಯ ಹೊಣೆಯೂ ಆ ಸಂಸ್ಥೆಗೆ ಬಂದಾಗ ಅವನು ಅದರಲ್ಲೂ ದುಡಿದ. ಸಂಸ್ಥೆಯ ಬಾಗಿಲಿಗೆ ಬರುವ ಕೆಲಸಗಾರರ ವಿನಯ ಅವನನ್ನು ಬೆರಗುಗೊಳಿಸುತ್ತಿತ್ತಂತೆ. ಕಚೇರಿಯನ್ನು ಒಡೆದು ಪುಡಿಮಾಡುವ ಬದಲು ಇವರು ಬೇಡಲು ಬರುತ್ತಾರಲ್ಲ ಎಂದು ಅವನು ಹೇಳಿದ್ದನ್ನು ಗೆಳೆಯ ಮ್ಯಾಕ್ಸ್ ಬ್ರಾಡ್ ದಾಖಲಿಸಿದ್ದಾನೆ.

ಕಾಫ್ಕಾನ ಪ್ರಸಿದ್ಧ ಕತೆ 'ರೂಪಾಂತರ'ವನ್ನು ಈ ಬೆಳಕಿನಲ್ಲಿ ಇನ್ನೊಮ್ಮೆ ಓದಿ ನೋಡಿ. ಗ್ರೆಗರ್ ಸಂಸಾ ಬೆಳಿಗ್ಗೆ ಎದ್ದಾಗ ಹುಳುವಾಗಿದ್ದಾನೆ. ಅವನ ಮೊದಲ ಚಿಂತೆ ರೈಲು ತಪ್ಪಿತಲ್ಲ ಎಂಬುದು. ಕಾಯಿಲೆ ಎಂದು ಹೇಳಿಕಳಿಸೋಣವೆಂದರೆ ಧಣಿ ವಿಮೆಯ ವೈದ್ಯನನ್ನು ಕರೆದುಕೊಂಡೇ ಬರುತ್ತಾನೆ. ಆ ವೈದ್ಯನ ದೃಷ್ಟಿಯಲ್ಲಿ ಲೋಕದಲ್ಲಿ ಕಾಯಿಲೆಯವರೇ ಇಲ್ಲ, ಆರೋಗ್ಯವಂತ ಸೋಮಾರಿಗಳಿದ್ದಾರೆ ಅಷ್ಟೆ ಎಂದು ಗ್ರೆಗರ್ ಅಳುಕುತ್ತಾನೆ. ಸ್ವಲ್ಪ ಹೊತ್ತಿಗೆಲ್ಲ ಕಚೇರಿಯ ಮುಖ್ಯ ಗುಮಾಸ್ತ ಬಾಗಿಲು ತಟ್ಟುತ್ತಾನೆ. ದುಡಿಯಲಾರದವನು ಮನೆಯವರ ಕಣ್ಣಲ್ಲೂ ಹೇಗೆ ಕ್ರಮೇಣ ಮನುಷ್ಯನಾಗಿ ಉಳಿಯುವುದಿಲ್ಲ ಎಂಬುದೇ ಉಳಿದ ಕತೆ. 1915ರಲ್ಲಿ ಅಚ್ಚಾದ ಈ ಕತೆಯನ್ನು ಬರೆದವನು ಅಂಥ ವೈದ್ಯರ ವರದಿಗಳನ್ನು ದಿನವೂ ಓದುತ್ತಿದ್ದ.

ಕಾಫ್ಕಾನ ಕಚೇರಿ ಬರಹಗಳಲ್ಲಿ 1910ರ ಒಂದು ವರದಿಯಿದೆ. ವಿಷಯ, ರಂದಾ ಮಿಷನ್ನು. ಅಲಗು ಕೂರಿಸುವ ದಂಡ ಚೌಕವಾಗಿದ್ದರೆ ಅದಕ್ಕೂ ಮೇಜಿಗೂ ನಡುವೆ ಅಗಲವಾದ ಸಂದಿ ಉಳಿಯುತ್ತದೆ; ಮರ ಸ್ವಲ್ಪ ಎಗರಿದರೂ ಕೈ ಜಾರಿ ಬೆರಳು ಅದರೊಳಗೆ ಹೋಗುತ್ತದೆ. ಎಷ್ಟೇ ಎಚ್ಚರದ, ಎಷ್ಟೇ ನುರಿತ ಕೆಲಸಗಾರನಿಗೂ ಇದು ತಪ್ಪಿದ್ದಲ್ಲ. ದಂಡ ದುಂಡಗಿದ್ದರೆ ಸಂದಿ ಕಿರಿದು, ಬೆರಳು ಉಳಿಯುತ್ತದೆ. ಇದನ್ನು ಚಿತ್ರಗಳ ಸಮೇತ ಅವನು ವಿವರಿಸುತ್ತಾನೆ. ಈ ಸಂಗತಿ ಓದಿದ ದಿನ ನಾನು ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ನಾಲ್ಕು ಸಲ ಬಂದು ಹೋದ ಆ ಮನುಷ್ಯನ ಕುಡಿತದ ಬಗ್ಗೆ ನಮ್ಮ ಗಲ್ಲಿಗೆಲ್ಲ ಗೊತ್ತಿತ್ತು. ಒಂದೇ ಯಂತ್ರ ಎರಡು ವರ್ಷದಲ್ಲಿ ಇಬ್ಬರ ಬೆರಳು ತಿಂದಿತೆಂದ ಮೇಲೆ ಆ ಯಂತ್ರದ ಒಳಗೇನಿದೆ ಎಂದು ನಮ್ಮಲ್ಲಿ ಯಾರೂ ಬಗ್ಗಿ ನೋಡಲಿಲ್ಲ. ವಿಮೆಯ ಅಧಿಕಾರಿಯೊಬ್ಬ ಮಾಡಬಹುದಾದ ದೊಡ್ಡ ಕೆಲಸ ಅದೇ, ಗಾಯಗೊಂಡವನ ಮೇಲಿನ ಅನುಮಾನವನ್ನು ಯಂತ್ರದ ಕಡೆಗೆ ತಿರುಗಿಸುವುದು. ಕ್ಷಯರೋಗಿಯಾಗಿ 1922ರಲ್ಲಿ ಕಾಫ್ಕಾ ತಾನೇ ಪಿಂಚಣಿ ಪಡೆದು ನಿವೃತ್ತನಾದ. ಎರಡು ವರ್ಷದಲ್ಲಿ ತೀರಿಕೊಂಡ.

ಡೇನಿಯಲ್‌ನ ಕೊನೆ ಗೊತ್ತಿರುವುದೇ. ಮೇಲ್ಮನವಿಯ ವಿಚಾರಣೆಯ ದಿನ, ಇನ್ನೇನು ಗೆಲ್ಲುತ್ತಾನೆ ಎನ್ನುವಾಗ, ಅಲ್ಲಿನ ಶೌಚಾಲಯದಲ್ಲಿ ಕುಸಿದು ಸಾಯುತ್ತಾನೆ. ನಮೂನೆಯಲ್ಲಿ ಜಾಗ ಸಿಗದ ಹೃದಯ ತಾನೇ ಸಾಕ್ಷಿ ಹೇಳಿಬಿಡುತ್ತದೆ. ಇಷ್ಟು ಅಚ್ಚುಕಟ್ಟಾದ ಸಾವು ಬೇಕಿತ್ತೇ ಎಂದು ಕತೆಗಾರರಾಗಿ ಕೇಳಬಹುದು. ನನಗೆ ಅದಕ್ಕಿಂತ ಕಾಡುವುದು ಇನ್ನೊಂದು. ಮನೆಯ ಸಾಮಾನುಗಳನ್ನೆಲ್ಲ ಮಾರಿದರೂ ಅವನು ಹತ್ಯಾರಗಳನ್ನು ಮಾರುವುದಿಲ್ಲ. ಇಡೀ ಚಿತ್ರದಲ್ಲಿ ಎಷ್ಟೊಂದು ನಮೂನೆಗಳು, ಎಷ್ಟೊಂದು ಪ್ರಶ್ನೆಗಳು! ಆ ಹತ್ಯಾರಗಳಿಂದ, ಏಣಿ ಹತ್ತದೆ, ಭಾರ ಎತ್ತದೆ, ನೀನು ಏನು ಮಾಡಬಲ್ಲೆ ಎಂದು ಒಬ್ಬರೂ ಕೇಳುವುದಿಲ್ಲ. ಉತ್ತರ ಅವನ ಮನೆಯಲ್ಲೇ ಮೀನುಗಳಾಗಿ ತೂಗುತ್ತಿತ್ತು.

ನಮ್ಮಲ್ಲಿ ಈ ಪ್ರಶ್ನೆ ಕೇಳುವ ಹೊಣೆ ಯಾರದ್ದು? 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪ್ರಕಾರ, ಸೇವೆಯಲ್ಲಿರುವಾಗ ಅಂಗ ಊನವಾದ ನೌಕರನನ್ನು ಸರಕಾರಿ ಸಂಸ್ಥೆಗಳು ಕೆಲಸದಿಂದ ತೆಗೆಯುವಂತಿಲ್ಲ. ಇದ್ದ ಕೆಲಸ ಮಾಡಲಾಗದಿದ್ದರೆ ಅದೇ ಸಂಬಳದ ಬೇರೆ ಕೆಲಸ ಕೊಡಬೇಕು. ಒಳ್ಳೆಯ ಕಾನೂನು, ಆದರೆ ಆ ರಕ್ಷಣೆ ಸರಕಾರಿ ನೌಕರರಿಗೆ ಮಾತ್ರ. 1923ರ ಪರಿಹಾರ ಕಾಯ್ದೆಯೂ 1948ರ ಇ.ಎಸ್.ಐ. ಕಾಯ್ದೆಯೂ 2025ರ ನವೆಂಬರಿನಲ್ಲಿ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿಹೋದವು. ಹೆಸರು ಬದಲಾಯಿತು, ಶೇಕಡಾವಾರು ಎಣಿಕೆ ಹಾಗೇ ಇದೆ. ಇನ್ನು ಚನ್ನಪಟ್ಟಣದ ಗೊಂಬೆ ತಿರುಗಿಸುವವನು, ಮನೆಯ ಜಗಲಿಯಲ್ಲಿ ಬೀಡಿ ಕಟ್ಟುವವಳು, ಯಾವ ಹಾಜರಿ ಪುಸ್ತಕದಲ್ಲೂ ಹೆಸರಿಲ್ಲದ ಗಾರೆಯವನು, ಇವರಲ್ಲಿ ಬಹಳ ಮಂದಿಯ ಬೆರಳಿಗೆ ಮೂವತ್ತೂ ಇಲ್ಲ.

ಚಾಚಾ ಮರಳಿ ಕೆಲಸಕ್ಕೆ ಹೋದರು. ಮಂಡಳಿಯಾಗಲಿ ಕಾರ್ಖಾನೆಯಾಗಲಿ ಕಳಿಸಿದ್ದಲ್ಲ. ಹಿಂದೆ ಅವರ ಕೈಕೆಳಗೆ ಕಲಿತ ಹುಡುಗನೊಬ್ಬ ಪೇಟೆಯಲ್ಲಿ ಅಂಗಡಿ ಇಟ್ಟಿದ್ದ. ಒಂದು ದಿನ ಬಂದು, "ಉಸ್ತಾದ್, ನೀವು ಕೂತ್ಕೊಂಡು ಮರ ನೋಡಿ ಹೇಳಿ, ಗುರುತು ಹಾಕಿ ಕೊಡಿ, ಕೊಯ್ಯೋರು ನಾವಿದ್ದೀವಿ" ಎಂದ. ಚಾಚಾ ಹನ್ನೊಂದು ವರ್ಷ ಅಲ್ಲಿ ಕೂತರು. ಯಾವ ಹಲಗೆ ಬಿರಿಯುತ್ತದೆ, ಯಾವುದು ಬಾಗುತ್ತದೆ, ಯಾವುದು ಬಾಗಿಲಿಗೆ, ಯಾವುದು ತೊಟ್ಟಿಲಿಗೆ ಎಂದು ಹುಡುಗರಿಗೆ ಹೇಳಿಕೊಟ್ಟರು. ತಿಂಗಳು ತಿಂಗಳು ಬರುತ್ತಿದ್ದ ಆ ಮೂವತ್ತರ ಹಣ ಅಕ್ಕಿಗಾಯಿತು. ಅವರನ್ನು ಉಳಿಸಿದ್ದು ಮಾತ್ರ ಹಳೆಯ ಶಿಷ್ಯ ಕೇಳಿದ ಆ ಪ್ರಶ್ನೆ. ಅದನ್ನು ಶಿಷ್ಯನ ನೆನಪಿಗೂ ಅದೃಷ್ಟಕ್ಕೂ ಬಿಡದೆ ನಮೂನೆಯ ಮೊದಲ ಸಾಲಿನ ಪ್ರಶ್ನೆಯಾಗಿ ಅಚ್ಚು ಹಾಕಿಸುವುದು ಸರಕಾರಕ್ಕೆ ಕಷ್ಟವೇನಲ್ಲ.

ಇನ್ನೊಬ್ಬನಿದ್ದನಲ್ಲ, ಎರಡು ಬೆರಳಿನವನು, ಅವನು ಆಮೇಲೆ ಏನಾದ ಎಂದು ನನಗೆ ಗೊತ್ತಿಲ್ಲ. ಈ ಚಿತ್ರ ನೋಡಿದ ಮೇಲೆ ಊರಿಗೆ ಹೋದಾಗ ವಿಚಾರಿಸಿದೆ. ಯಾರಿಗೂ ಅವನ ನೆನಪಿರಲಿಲ್ಲ.